ಸಣ್ಣ ವಿಮಾನದಲ್ಲಿ ಸಂಗೀತದ ಹೆಡ್‌ಸೆಟ್

ಸಣ್ಣ ವಿಮಾನದ ಚಾಲಕನು ಪಕ್ಕದಲ್ಲಿ ಕುಳಿತವನೊಡನೆ ಮಾತನಾಡಬೇಕಾದರೂ ತಂತಿಯ ನೆರವು ಬೇಕು; ಗದ್ದಲ ಅಷ್ಟಿರುತ್ತದೆ. ಇಂದಿನ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. ಅದರ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 40 ಸುತ್ತಾಯಿತು. ಸುತ್ತಿಗೆ ಎರಡು ಸಿಲಿಂಡರುಗಳಲ್ಲಿ ಇಂಧನ ಸಿಡಿಯುವುದರಿಂದ ಸೆಕೆಂಡಿಗೆ 80 ಸಿಡಿತ. ಎರಡು ಅಲಗಿನ ಪ್ರೊಪೆಲರೂ ಗಾಳಿಯನ್ನು ಅಷ್ಟೇ ಸಲ ಬಡಿಯುತ್ತದೆ. ಇಂಥ ತಗ್ಗುಸ್ವರದ ಮೊರೆತವನ್ನು ಎದುರು ಅಲೆಯಿಂದ ಅಡಗಿಸುವ ಹೆಡ್‌ಸೆಟ್ಟುಗಳು ಈಗ ಸಂಗೀತಪ್ರಿಯರಿಗಾಗಿ ಅಂಗಡಿಯಲ್ಲಿಯೇ ದೊರೆಯುತ್ತವೆ. ವಿಮಾನಕ್ಕೆಂದೇ ಮಾಡಿದ ಇಂಥ ಹೆಡ್‌ಸೆಟ್ಟಿನ ಬೆಲೆಯಾದರೋ ಬಹಳ ಹೆಚ್ಚು. ಅಗ್ಗದ್ದನ್ನು ಕೊಂಡು ಮೈಕೊಂದನ್ನು ಕಟ್ಟಿ, ಪ್ಲಗ್ ಬದಲಿಸಿದರೆ ಸಾಲದೇ? ಸಾಲದು. ಕಾರಣ ತಿಳಿಯಬೇಕಾದರೆ ಹಳೆಯ ಟೆಲಿಫೋನಿನತ್ತ ತಿರುಗಬೇಕು.

ಆ ಟೆಲಿಫೋನಿನ ಮೈಕಿನಲ್ಲಿ ತೆಳುವಾದ ತಗಡಿನ ಹಿಂದೆ ಇಂಗಾಲದ ಹರಳುಗಳನ್ನು ತುಂಬಿರುತ್ತಿದ್ದರು. ಮಾತಿನ ಅಲೆ ತಗಡನ್ನು ಒತ್ತಿದಾಗ ಹರಳುಗಳು ಒತ್ತೊತ್ತಾಗಿ ಅವುಗಳ ರೋಧ ತಗ್ಗುತ್ತದೆ. ತಗಡು ಹಿಂದೆ ಸರಿದಾಗ ಹೆಚ್ಚುತ್ತದೆ. ಹೊರಗಿನಿಂದ ಹರಿಸಿದ ಪ್ರವಾಹವು ಹೀಗೆ ಏರಿಳಿದು ಮಾತಿನ ರೂಪವನ್ನು ತಾಳುತ್ತದೆ. ವಿಮಾನದ ರೇಡಿಯೋಗಳು ಈ ಮೈಕಿಗೆ ಹೊಂದಿಕೊಂಡೇ ಬೆಳೆದವು. ಮೈಕು ಮರೆಯಾಯಿತು, ಏರ್ಪಾಡು ಉಳಿಯಿತು. ಇಂದಿಗೂ ರೇಡಿಯೋ ತನ್ನ ಮೈಕಿನ ತಂತಿಗೆ ಕೆಲವು ನೂರು ಓಮ್ ರೋಧದ ಮೂಲಕ ಸುಮಾರು 8ರಿಂದ 16 ವೋಲ್ಟ್ ಒದಗಿಸುತ್ತದೆ. ನೂರಾರು ಮಿಲಿವೋಲ್ಟಿನ ಸಂಕೇತವನ್ನು ನಿರೀಕ್ಷಿಸುತ್ತದೆ. ತೀರಿಹೋದ ಯಜಮಾನನ ಕಟ್ಟಳೆಯಂತೆಯೇ ಮನೆ ನಡೆಯುತ್ತಿದೆ ಎನ್ನಬೇಕು!

ಕಂಪ್ಯೂಟರ್ ಹೆಡ್‌ಸೆಟ್ಟಿನ ಎಲೆಕ್ಟ್ರೆಟ್ ಮೈಕಿಗೆ ಕೆಲವೇ ವೋಲ್ಟ್ ಸಾಕು. ಅದು ಕೊಡುವುದೂ ಕೆಲವೇ ಮಿಲಿವೋಲ್ಟ್. ನೇರವಾಗಿ ಜೋಡಿಸಿದರೆ ಅದು ಕೆಡಬಹುದು. ಕೆಡದಿದ್ದರೂ ಪಿಸುಮಾತಷ್ಟೇ ಹೊರಟೀತು. ಆದುದರಿಂದ ನಡುವೆ ಒಂದು ಚಿಕ್ಕ ವರ್ಧಕ ಬೇಕು. ರೇಡಿಯೋ ಕೊಡುವ ವಿದ್ಯುತ್ತಿನಿಂದಲೇ ನಡೆದು, ಅದೇ ತಂತಿಯಲ್ಲಿ ಅದು ಇಂಗಾಲದ ಮೈಕಿನಂತೆ ನಟಿಸಬೇಕು. ಸಾಮಾನ್ಯ ಮೈಕು ಎಂಜಿನ್ನಿನ ಸದ್ದನ್ನೂ ಎತ್ತಿಕೊಳ್ಳುತ್ತದೆ. ವಿಮಾನದ ಮೈಕಿಗೆ ಮುಂದೆಯೂ ಹಿಂದೆಯೂ ರಂಧ್ರಗಳಿರುತ್ತವೆ. ದೂರದ ಸದ್ದು ಎರಡೂ ಕಡೆ ಸಮನಾಗಿ ಒತ್ತಿ ಬಹುಮಟ್ಟಿಗೆ ಅಳಿಯುತ್ತದೆ. ತುಟಿಗೆ ತಾಕುವಷ್ಟು ಹತ್ತಿರವಿಟ್ಟರೆ ಮಾತು ಮಾತ್ರ ಮುಂದಿನಿಂದ ಬಲವಾಗಿ ತಟ್ಟುತ್ತದೆ.

ಕಿವಿಯ ಕಡೆಯ ಲೆಕ್ಕ ಬೇರೆ. ವಿಮಾನದ ಇಯರ್‌ಫೋನು ಪರ್ಯಾಯ ಪ್ರವಾಹಕ್ಕೆ ಒಡ್ಡುವ ತಡೆ ಸಾಮಾನ್ಯವಾಗಿ 300 ಓಮಿನ ಆಸುಪಾಸು. ಸಂಗೀತದ 32 ಓಮಿನ ಎರಡು ಇಯರ್‌ಫೋನುಗಳನ್ನು ಸಮಾಂತರವಾಗಿ ಸೇರಿಸಿದರೆ 16 ಓಮ್ ಮಾತ್ರ. ಅದು ಪ್ರವಾಹವನ್ನು ಅತಿಯಾಗಿ ಸೆಳೆದು, ಅದೇ ತಂತಿಯನ್ನು ಹಂಚಿಕೊಂಡ ಸಹಚಾಲಕನ ಕಿವಿಗೂ ಧ್ವನಿಯನ್ನು ಕುಗ್ಗಿಸುತ್ತದೆ. ಇದನ್ನು ಸರಿಹೊಂದಿಸಲು ಟ್ರಾನ್ಸ್‌ಫಾರ್ಮರ್ ಬಳಸಬಹುದು. ತಡೆಗಳ ಅನುಪಾತ 300/16, ಅಂದರೆ 18.75; ಅದರ ವರ್ಗಮೂಲವಾದ ಸುಮಾರು 4.3 ಸುರುಳಿಗಳ ಸುತ್ತುಗಳ ಅನುಪಾತ. ತನ್ನೊಳಗೇ ವರ್ಧಕವಿರುವ ಹೆಡ್‌ಸೆಟ್ಟಿಗೆ ಈ ತೊಂದರೆ ಕಡಿಮೆ; ಆದರೆ ಬ್ಯಾಟರಿ ಮುಗಿದಾಗಲೂ ಅದರಲ್ಲಿ ಮಾತು ಕೇಳಿಸುವುದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಅಪಾಯದ ಜಾಗ ಮೈಕಿನ ಪ್ಲಗ್. ಇಯರ್‌ಫೋನಿನ ಪ್ಲಗ್ಗಿಗಿಂತ ಇದು ತುಸು ಸಣ್ಣದು. ಇದರ ನಡುವಿನ ಉಂಗುರ ಮಾತಿಗೆ, ಬುಡ ಭೂಸಂಪರ್ಕಕ್ಕೆ. ತುದಿ ಮಾತಿನ ಗುಂಡಿಗೆ. ತುದಿ ಬುಡವನ್ನು ಮುಟ್ಟಿದೊಡನೆ ರೇಡಿಯೋ ಪ್ರಸಾರ ಮಾಡತೊಡಗುತ್ತದೆ. ಬೆಸುಗೆಯ ಒಂದು ಹನಿ ಇವೆರಡನ್ನು ಕೂಡಿಸಿಬಿಟ್ಟರೆ ಪ್ರಸಾರ ನಿಲ್ಲುವುದೇ ಇಲ್ಲ. ಒಂದು ಕಂಪನಾಂಕದಲ್ಲಿ ಒಮ್ಮೆಗೆ ಒಬ್ಬನೇ ಮಾತನಾಡಬಲ್ಲನಾದುದರಿಂದ, ಇಳಿಯಲು ಅನುಮತಿ ಕೇಳುತ್ತಿರುವ ಇತರ ವಿಮಾನಗಳ ದನಿಯೂ ಅಡಗಿಹೋಗುತ್ತದೆ. ತಪ್ಪು ಮಾಡಿದ ಚಾಲಕನಿಗೆ ಅದು ಗೊತ್ತಾಗುವುದೂ ತಡ. ಪ್ರಸಾರ ಮಾಡುತ್ತಿರುವ ರೇಡಿಯೋ ಏನನ್ನೂ ಕೇಳಿಸದು. ಆದಕಾರಣ ಹೊಸ ಜೋಡಣೆಯನ್ನು ಮೊದಲು ನೆಲದ ಮೇಲೆ, ಎಂಜಿನ್ ನಿಲ್ಲಿಸಿ ಪರೀಕ್ಷಿಸಬೇಕು. ಗುಂಡಿ ಬಿಟ್ಟಾಗ ಪ್ರಸಾರದ ಗುರುತು ಆರಲೇಬೇಕು. ಹಾರುವಾಗಲೂ ಕೈಯಲ್ಲಿ ಹಿಡಿಯುವ ಹಳೆಯ ಮೈಕೊಂದು ಆಸನದ ಪಕ್ಕದಲ್ಲಿಯೇ ಇರಲಿ.