ಹೆಡ್‌ಲೈಟಿನಲ್ಲಿ ಹೊಳೆಯುವ ಕಣ್ಣುಗಳು

ಮಕ್ಕಳೇ, ಕಡೂರಿನಲ್ಲಿ ನೆಂಟರ ಮನೆಯ ಮದುವೆ ಊಟ ಮುಗಿಸಿ, ರಾತ್ರಿ ಜೀಪಿನಲ್ಲಿ ಅಜ್ಜಂಪುರಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಬೀರೂರು ದಾಟಿದ ಮೇಲೆ ಪೇಟೆಯ ದೀಪಗಳು ಹಿಂದೆ ಉಳಿದವು. ರಸ್ತೆಯ ಎರಡೂ ಬದಿಗೆ ರಾಗಿ ಹೊಲ, ತೆಂಗಿನ ತೋಟ, ಕುರುಚಲು ಪೊದೆ. ಇದ್ದಕ್ಕಿದ್ದಂತೆ ದೂರದಲ್ಲಿ ಎರಡು ಪುಟ್ಟ ದೀಪ ಹಚ್ಚಿಟ್ಟಂತೆ ಏನೋ ಹೊಳೆಯಿತು. "ಕೊಳ್ಳಿದೆವ್ವ!" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಹತ್ತಿರ ಹೋಗಿ ನೋಡಿದರೆ ಅದೊಂದು ನರಿ!

ನರಿಯ ಕಣ್ಣಿನಲ್ಲಿ ದೀಪವಿದೆಯೇ? ಇಲ್ಲ. ಜೀಪಿನ ದೀಪ ಆರಿಸಿದರೆ ಆ ಹೊಳಪೂ ಮಾಯವಾಗುತ್ತದೆ. ಹಾಗಾದರೆ ಅದು ನಮ್ಮದೇ ದೀಪದ ಬೆಳಕು. ಅದು ಹಿಂದಿರುಗಿ ಬಂದದ್ದು ಹೇಗೆ?

ಕಣ್ಣಿನೊಳಗಿನ ಕನ್ನಡಿ

ಬೆಳಕು ಪಾಪೆಯ ಮೂಲಕ ಕಣ್ಣಿನೊಳಗೆ ಹೋಗಿ ರೆಟಿನಾ ಎಂಬ ಪರದೆಯ ಮೇಲೆ ಬೀಳುತ್ತದೆ. ಅಲ್ಲಿರುವ ಕೋಶಗಳು ಬೆಳಕನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ಇರುಳಿನಲ್ಲಿ ತಿರುಗಾಡುವ ಅನೇಕ ಪ್ರಾಣಿಗಳಲ್ಲಿ ಈ ಪರದೆಯ ಹಿಂದೆ ಕನ್ನಡಿಯಂತಹ ಒಂದು ಪದರವಿದೆ. ಅದರ ಹೆಸರು ಟಪೀಟಮ್ ಲೂಸಿಡಮ್. ಕೋಶಗಳ ಕೈಗೆ ಸಿಗದೆ ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ತಳ್ಳುತ್ತದೆ. ಕೋಶಗಳಿಗೆ ಎರಡನೇ ಅವಕಾಶ ಸಿಗುತ್ತದೆ. ಆದ್ದರಿಂದಲೇ ನಕ್ಷತ್ರಗಳ ಮಂದ ಬೆಳಕಿನಲ್ಲೂ ಅವು ದಾರಿ ಕಾಣಬಲ್ಲವು. ಆಗಲೂ ಉಳಿದ ಬೆಳಕು ಬಂದ ದಾರಿಯಲ್ಲೇ ಹೊರಬರುತ್ತದೆ. ನಮಗೆ ಕಾಣುವುದು ಅದೇ ಬೆಳಕು.

ನರಿ, ಚಿರತೆ, ಪುನುಗುಬೆಕ್ಕು, ಜಿಂಕೆ, ದನ ಇವೆಲ್ಲಕ್ಕೂ ಈ ಪದರವಿದೆ. ಮನುಷ್ಯರಿಗೆ, ಮಂಗಗಳಿಗೆ ಇಲ್ಲ. ಕಾಡುಹಂದಿಗೂ ಇಲ್ಲ. ಆದ್ದರಿಂದ ಕಾಡುಹಂದಿ ರಸ್ತೆಗೆ ಬಂದರೆ ಕಣ್ಣು ಹೊಳೆದು ಎಚ್ಚರಿಸುವುದಿಲ್ಲ!

ನಮ್ಮ ಸೀಮೆಯ ಇರುಳು ಜೀವಿಗಳು

ಕಡೂರು, ಅಜ್ಜಂಪುರದ ಸುತ್ತ ಅಮೃತಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಿವು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. 2011ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ತರೀಕೆರೆಯಿಂದ ಲಕ್ಕವಳ್ಳಿಯ ಕಡೆಗೆ ಹೋದರೆ ಭದ್ರಾ ಅಭಯಾರಣ್ಯ ಸಿಗುತ್ತದೆ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಅಲ್ಲಿ ಹುಲಿ, ಆನೆ, ಕಾಟಿ, ಕಡವೆಗಳಿವೆ. ಪ್ರಾಣಿಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ನೀರು, ಮೇವು ಹುಡುಕುತ್ತಾ ಅವು ರಸ್ತೆ ದಾಟಲೇಬೇಕು.

ಓಡದೆ ನಿಲ್ಲುವುದೇಕೆ?

ವಾಹನ ಬಂದರೂ ಪ್ರಾಣಿ ರಸ್ತೆಯ ನಡುವೆಯೇ ನಿಂತುಬಿಡುತ್ತದೆ. ಅದು ದಡ್ಡತನವಲ್ಲ. ರಾತ್ರಿ ಮಲಗಿರುವ ನಿಮ್ಮ ಕಣ್ಣಿಗೆ ಯಾರಾದರೂ ಟಾರ್ಚ್ ಬಿಟ್ಟರೆ ಏನಾಗುತ್ತದೆ? ಏನೂ ಕಾಣದೆ ಕಣ್ಣು ಕುಕ್ಕುತ್ತದಲ್ಲವೇ? ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಹೆಡ್‌ಲೈಟ್ ಬಿದ್ದಾಗ ಪ್ರಾಣಿಗೂ ಹಾಗೆಯೇ. ಯಾವ ಕಡೆ ಓಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಅಲ್ಲದೆ ಅಪಾಯ ಕಂಡಾಗ ಅಲ್ಲಾಡದೆ ನಿಲ್ಲುವುದು ಎಷ್ಟೋ ಪ್ರಾಣಿಗಳ ಹುಟ್ಟುಗುಣ. ಆ ಉಪಾಯ ಚಿರತೆಯ ಮುಂದೆ ನಡೆಯಬಹುದು, ಲಾರಿಯ ಮುಂದೆ ನಡೆಯದು.

ಒಂದು ಲೆಕ್ಕ ಮಾಡೋಣ

ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡದ್ದು ಏನೆಂದು ತಿಳಿದು ಚಾಲಕರು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 25 ಮೀಟರ್ ಮುಗಿಯಿತು! ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್. ಒಟ್ಟು 45 ಮೀಟರ್. 80 ಕಿ.ಮೀ. ವೇಗವಾದರೆ ಸುಮಾರು 70 ಮೀಟರ್ ಬೇಕು. 40 ಕಿ.ಮೀ. ವೇಗಕ್ಕೆ ಸುಮಾರು 26 ಮೀಟರ್ ಸಾಕು. ಡಿಮ್ ಮಾಡಿದ ದೀಪದಲ್ಲಿ ರಸ್ತೆ ಚೆನ್ನಾಗಿ ಕಾಣುವುದು 40–50 ಮೀಟರ್ ಮಾತ್ರ. ಹಾಗಾದರೆ ಯಾವ ವೇಗದಲ್ಲಿ ಪ್ರಾಣಿಯೂ ಉಳಿಯುತ್ತದೆ, ವಾಹನದಲ್ಲಿದ್ದವರೂ ಉಳಿಯುತ್ತಾರೆ? ನೀವೇ ಹೇಳಿ.

ಇದೇ ಕಾರಣಕ್ಕೆ ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಎಲ್ಲ ರಸ್ತೆಗಳನ್ನೂ ಹಾಗೆ ಮುಚ್ಚಲಾಗದು. ಆದರೆ ಎಲ್ಲ ರಸ್ತೆಗಳಲ್ಲೂ ನಿಧಾನವಾಗಿ ಹೋಗಬಹುದು.

ಹೊಳೆಯುವ ಕಣ್ಣು ಕಂಡರೆ ದೊಡ್ಡವರಿಗೆ ಹೀಗೆ ಹೇಳಿ: ವೇಗ ತಗ್ಗಿಸಿ, ದೀಪ ಡಿಮ್ ಮಾಡಿ, ಹಾರನ್ ಹೊಡೆಯಬೇಡಿ. ವಾಹನದಿಂದ ಇಳಿಯಬೇಡಿ. ಒಂದು ದಾಟಿದ ಕೂಡಲೇ ಹೊರಡಬೇಡಿ, ಅದರ ಹಿಂದೆ ಮರಿ ಇರಬಹುದು.

ಮಾಡಿ ನೋಡಿ

ಸೈಕಲ್ಲಿನ ಹಿಂಬದಿಯ ಕೆಂಪು ರಿಫ್ಲೆಕ್ಟರ್ ಕೂಡ ಬೆಳಕನ್ನು ಬಂದ ದಾರಿಗೇ ಕಳಿಸುತ್ತದೆ. ಕತ್ತಲೆ ಕೋಣೆಯಲ್ಲಿ ಸೈಕಲ್ ನಿಲ್ಲಿಸಿ. ಐದು ಹೆಜ್ಜೆ ದೂರ ನಿಂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ರಿಫ್ಲೆಕ್ಟರಿನ ಮೇಲೆ ಬೆಳಕು ಬಿಡಿ. ಅನಂತರ ಟಾರ್ಚನ್ನು ಸೊಂಟದ ಮಟ್ಟಕ್ಕೆ ಇಳಿಸಿ ಬಿಡಿ. ಯಾವಾಗ ಹೆಚ್ಚು ಹೊಳೆಯಿತು? ಏಕೆ? ಉತ್ತರವನ್ನು ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.