ಕಾಲೇಜನ್ನು ಆರಿಸುವ ಮುನ್ನ ಹೋಗಿ ನೋಡಬೇಕೇ?

ಹೆಣ್ಣು ಕೊಡುವ ಮೊದಲು ಗಂಡಿನ ಮನೆಗೆ ನಾಲ್ಕು ಜನ ಹೋಗಿ ನೀರು, ನೆರಳು, ನೆರೆಹೊರೆ ಎಲ್ಲವನ್ನೂ ನೋಡಿ ಬರುವುದು ನಮ್ಮ ಸೀಮೆಯ ವಾಡಿಕೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತಿಗೆ ಬೆಲೆ ಕಟ್ಟುವವರಿಲ್ಲ. ಆದರೆ ಅದೇ ಮನೆಯ ಮಗಳು ಮೂರು ನಾಲ್ಕು ವರ್ಷ ಓದತಕ್ಕ ಕಾಲೇಜನ್ನು ಮಾತ್ರ ಯಾರೋ ಹೇಳಿದ ಮಾತಿನ ಮೇಲೆ ನಿಶ್ಚಯಿಸಿಬಿಡುವುದುಂಟು. ಸೇರುವ ಮುನ್ನ ಕಾಲೇಜನ್ನು ಹೋಗಿ ನೋಡುವುದು ಅವಶ್ಯವೇ, ಅವಶ್ಯವಾದರೆ ಹೇಗೆ ನೋಡತಕ್ಕದ್ದು ಎಂಬ ವಿಷಯವನ್ನು ಪೋಷಕರ ಮುಂದೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಲು ಇಚ್ಛಿಸುತ್ತೇವೆ.

ಹಿಂದಿನವರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಹೆಣ್ಣುಮಕ್ಕಳ ಕಾಲೇಜೆಂದರೆ ಮೈಸೂರಿನ ಮಹಾರಾಣಿ ಕಾಲೇಜು. 1938ರ ತರುವಾಯ ಬೆಂಗಳೂರಿನಲ್ಲಿ ಅದೇ ಹೆಸರಿನ ಇನ್ನೊಂದು. ಆರಿಸುವುದಕ್ಕೆ ಏನಿತ್ತು? ಕಳುಹಿಸುವ ಧೈರ್ಯವೊಂದೇ ಬೇಕಾಗಿದ್ದಿತು. ಅನಂತರ ತುಮಕೂರಿನಲ್ಲಿ 1963ರಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ, 2001ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರರ ಹೆಸರಿನ ತಾಂತ್ರಿಕ ವಿದ್ಯಾಲಯವೂ, 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವೂ ಹುಟ್ಟಿದುವು. ಈಗ ಆಯ್ಕೆಯೇ ಒಂದು ಕೆಲಸವಾಗಿದೆ.

ಕಾಲಿನಿಂದ ನಡೆದು ತಿಳಿಯತಕ್ಕ ಸಂಗತಿಗಳು ಬೇರೆ, ಕಾಗದದಿಂದ ತಿಳಿಯತಕ್ಕವು ಬೇರೆ. ಕಾಲೇಜಿಗೆ ಮಾನ್ಯತೆ ಉಂಟೇ, ಪದವಿಯನ್ನು ಕೊಡುವ ವಿಶ್ವವಿದ್ಯಾನಿಲಯ ಯಾವುದು, ನ್ಯಾಕ್ ಸಂಸ್ಥೆಯು ಕೊಟ್ಟ ಶ್ರೇಣಿ ಯಾವುದು, ಶುಲ್ಕವೆಷ್ಟು ಎಂಬಿವು ಕಾಗದದ ಸಂಗತಿಗಳು. ಅವುಗಳಿಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಹೋಗುವುದು ವ್ಯರ್ಥ. ಕಟ್ಟಡದ ಎತ್ತರವನ್ನೂ ಮುಂಬಾಗಿಲ ಹೂದೋಟವನ್ನೂ ನೋಡಿ ಬಂದವರಂತೂ ಹೋಗದವರಿಗಿಂತ ಹೆಚ್ಚಾಗಿ ಮೋಸಹೋಗುತ್ತಾರೆ. ಸಮಾರಂಭದ ದಿನ ನೋಡಿದ ಕಾಲೇಜು ನೋಡಿದಂತೆಯೇ ಅಲ್ಲ.

ಹಾಗಾದರೆ ಹೋಗಿ ತಿಳಿಯತಕ್ಕದ್ದೇನು? ಮೊಟ್ಟಮೊದಲನೆಯದು ದಾರಿ. ಗುಬ್ಬಿಯು ತುಮಕೂರಿಗೆ ಸುಮಾರು 20 ಕಿಲೋಮೀಟರು, ರೈಲೂ ಉಂಟು. ಕುಣಿಗಲು ಅದಕ್ಕಿಂತ ದೂರ. 2017ರಲ್ಲಿ ಅಲ್ಲಿಗೆ ಬಂದ ರೈಲುಮಾರ್ಗವು ಬೆಂಗಳೂರು–ಹಾಸನಗಳ ನಡುವಿನದು, ತುಮಕೂರಿಗೆ ಹೋಗುವವಳಿಗೆ ಬಸ್ಸೇ ಗತಿ. ಹಳ್ಳಿಯಿಂದ ಮುಖ್ಯರಸ್ತೆಯವರೆಗೆ ನಡಿಗೆ, ಅಲ್ಲಿಂದ ಕುಣಿಗಲು, ಅಲ್ಲಿಂದ ತುಮಕೂರು, ಬಸ್ ನಿಲ್ದಾಣದಿಂದ ಕಾಲೇಜು. ಸಂಜೆ ಇದೆಲ್ಲವೂ ಹಿಂದುಮುಂದಾಗಿ. ವಿಜ್ಞಾನದ ವಿದ್ಯಾರ್ಥಿನಿಗೆ ಪ್ರಯೋಗದ ತರಗತಿಯು ಮುಗಿಯುವಾಗ ಹೊತ್ತು ಇಳಿದಿರುತ್ತದೆ. ಹಳ್ಳಿಯ ಕಡೆಯ ಬಸ್ಸು ಆಕೆಗಾಗಿ ಕಾಯುವುದಿಲ್ಲ. ಈ ಲೆಕ್ಕವು ತಪ್ಪಿದಲ್ಲಿ ಗಂಡುಮಗನಾದರೆ ಪೇಟೆಯಲ್ಲಿ ಒಂದು ರೂಮು ಮಾಡಿಕೊಡುತ್ತಾರೆ. ಹೆಣ್ಣುಮಗಳಾದರೆ ಓದನ್ನೇ ನಿಲ್ಲಿಸುತ್ತಾರೆ. ಜಾಣ ಹುಡುಗಿಯರು ಪಾಠ ಕಷ್ಟವೆಂದಲ್ಲ, ಬಸ್ಸಿಲ್ಲವೆಂದು ಮನೆಗೆ ಮರಳುವುದುಂಟು.

ಆದುದರಿಂದ ನಾವು ಹೇಳುವುದೇನೆಂದರೆ, ಕೆಲಸದ ದಿನದಲ್ಲಿ ಹೋಗಿರಿ. ಮಗಳು ದಿನವೂ ಹತ್ತಬೇಕಾದ ಬಸ್ಸನ್ನೇ ಹತ್ತಿ ಹೋಗಿರಿ. ಕೊನೆಯ ತರಗತಿ ಬಿಡುವವರೆಗೂ ಇದ್ದು, ಆ ಹುಡುಗಿಯರೊಡನೆಯೇ ಹಿಂದಿರುಗಿರಿ. ತಂದೆಯೊಬ್ಬನೇ ಮೋಟಾರು ಸೈಕಲ್ಲಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ಬಂದರೆ ಈ ಪರೀಕ್ಷೆ ನಡೆದಂತಾಗಲಿಲ್ಲ. ತಾಯಿಮಗಳು ಹೋಗುವುದು ಉತ್ತಮ. 2023ನೆಯ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಸ್ತ್ರೀಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವಾದುದರಿಂದ ಖರ್ಚಿನ ನೆವವೂ ಇಲ್ಲ.

ವಿದ್ಯಾರ್ಥಿನಿಲಯದಲ್ಲಿ ಇರಿಸುವವರು ಅದನ್ನು ಕಾಲೇಜಿಗಿಂತ ಹೆಚ್ಚು ಹೊತ್ತು ನೋಡತಕ್ಕದ್ದು: ನೀರು ಎಷ್ಟು ಗಂಟೆಗೆ ಬರುತ್ತದೆ, ಸ್ನಾನದ ಮನೆಗೆ ಚಿಲಕವುಂಟೇ, ಜ್ವರ ಬಂದರೆ ಕರೆದೊಯ್ಯುವವರಾರು. ಕಚೇರಿಯವರನ್ನು ಕೇಳುವುದಕ್ಕಿಂತ, “ಯಾವೂರಮ್ಮಾ ನಿನ್ನದು?” ಎಂದು ಒಬ್ಬ ಹುಡುಗಿಯನ್ನು ಮಾತನಾಡಿಸಿದರೆ ಹೆಚ್ಚು ತಿಳಿಯುತ್ತದೆ. ಪುಸ್ತಕ ಭಂಡಾರದಲ್ಲಿ ಪುಸ್ತಕಗಳೆಷ್ಟೆಂದು ಎಣಿಸಬೇಡಿರಿ, ಕುಳಿತು ಓದುವವರಿದ್ದಾರೆಯೇ ನೋಡಿರಿ.

ಎಲ್ಲ ಕಾಲೇಜುಗಳನ್ನೂ ಸುತ್ತುವುದು ಬೇಡ. ಅಂಕಗಳಿಗೆ ಎಟುಕುವಂಥ ಎರಡು ಮೂರು ಸಾಕು. ಆದರೆ ಸಕಾಲದಲ್ಲಿ ಹೋಗಬೇಕು. ಸಿ.ಇ.ಟಿ.ಯ ಮೂಲಕ ಸೇರುವವರು ಪರೀಕ್ಷಾ ಪ್ರಾಧಿಕಾರಕ್ಕೆ ಕಾಲೇಜುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕಷ್ಟೆ. ರ‍್ಯಾಂಕಿಗೆ ಒದಗುವವುಗಳಲ್ಲಿ ಮೇಲೆ ಬರೆದದ್ದು ಮೊದಲು ದೊರೆಯುತ್ತದೆ, ಅದರ ಕೆಳಗಿನವು ಬಿದ್ದುಹೋಗುತ್ತವೆ. ಸೀಟು ಬಂದ ಮೇಲೆ ನೋಡಲು ಹೊರಟರೆ ಒಪ್ಪುವುದಕ್ಕೋ ಬಿಡುವುದಕ್ಕೋ ಕೆಲವೇ ದಿನಗಳಿರುತ್ತವೆ. ನೋಡುವ ಕೆಲಸವು ಪಟ್ಟಿ ಬರೆಯುವ ಮೊದಲೇ ಮುಗಿದಿರಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನವರು ಇಟ್ಟುಕೊಳ್ಳಕೂಡದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಪ್ರಕಟಿಸಿದೆ; ನೋಡಲು ಹೋದ ದಿನವೇ “ಕೊಟ್ಟು ಹೋಗಿರಿ” ಎಂದರೆ ಕೊಡಬೇಡಿರಿ.

ಹೋಗಲು ಸಾಧ್ಯವೇ ಆಗದ ಮನೆಗಳೂ ಇವೆ. ಅಂಥವರಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರು ಕಣ್ಣಾಗಬಹುದು. ಈಗ ಕಾಲೇಜುಗಳಲ್ಲಿ ಓದುತ್ತಿರುವವರೂ ಕಲಿಸುತ್ತಿರುವವರೂ ತಮ್ಮ ಕಾಲೇಜಿನ ನಿಜಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿದರೆ ಹತ್ತನೆಯ ತರಗತಿಯ ಹುಡುಗಿಯರಿಗೆ ಓದಿ ಹೇಳಬಹುದು. ಕಾಲೇಜಿನ ಹೆಸರಿನ ಕೆಳಗೆ, ಮೊದಲನೆಯ ಸಾಲಿನಲ್ಲಿಯೇ, ಸಂಜೆಯ ಕಡೆಯ ಬಸ್ಸಿನ ವೇಳೆಯನ್ನು ಬರೆಯಿರಿ.