ಶಾಲೆಯ ಕಟ್ಟಡದ ಕೆಲಸ ನಿಂತದ್ದು ಯಾಕೆ?

ಮುಷ್ಕರ ಅಂದ ಕೂಡಲೇ ನಮಗೆ ನೆನಪಾಗೋದು ಬಸ್ಸು ಬರದ ದಿನ. ನಾನು ಈ ಸಲ ಬರೆಯುತ್ತಿರುವುದು ಒಂದು ಶಾಲೆಯ ಕಟ್ಟಡದ ಮುಂದೆ ನಡೆದ ಮುಷ್ಕರದ ವಿಷಯ. ಊರಿನ ಹೆಸರು ವಾಕ್ಸ್‌ಹೋಲ್ಮ್. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನ ಹತ್ತಿರ ಇದೆ. ಭೂಪಟದಲ್ಲಿ ಬಾಲ್ಟಿಕ್ ಸಮುದ್ರ ಹುಡುಕಿರಿ. ಅದರ ಈಚೆ ದಡದಲ್ಲಿ ಸ್ವೀಡನ್, ಆಚೆ ದಡದಲ್ಲಿ ಲಾಟ್ವಿಯ.

2004ರ ಮೇ 1ರಂದು ಲಾಟ್ವಿಯ ಯೂರೋಪಿಯನ್ ಒಕ್ಕೂಟಕ್ಕೆ ಸೇರಿತು. ಅದೇ ವರ್ಷ ಅಲ್ಲಿನ ಲಾವಲ್ ಎಂಬ ಕಂಪನಿ ತನ್ನ ಕೆಲಸಗಾರರನ್ನು ಈ ಶಾಲೆಯ ದುರಸ್ತಿಗೆ, ವಿಸ್ತರಣೆಗೆ ಕಳಿಸಿತು. ನಮ್ಮ ಕಡೆ ಗುಳೆ ಹೋಗ್ತಾರಲ್ಲ, ಹಾಗೇ ಅನ್ನಿ. ಆದರೆ ಇಲ್ಲಿ ಕಂಪನಿಯೇ ಕರಕೊಂಡು ಹೋಗಿತ್ತು.

ಸ್ವೀಡನ್ನಿನಲ್ಲಿ ಕನಿಷ್ಠ ಕೂಲಿಯ ಕಾಯ್ದೆಯೇ ಇಲ್ಲ! ನನಗೂ ಮೊದಲು ಆಶ್ಚರ್ಯವಾಯಿತು. ಅಲ್ಲಿ ಕಾರ್ಮಿಕ ಸಂಘ ಮತ್ತು ಮಾಲೀಕರು ಕೂತು ಮಾತಾಡಿ ಒಪ್ಪಂದ ಬರೀತಾರೆ. ಆ ಒಪ್ಪಂದವೇ ಕೂಲಿಗೆ ಆಧಾರ. ಕಟ್ಟಡ ಕೆಲಸಗಾರರ ಸಂಘವು ಲಾಟ್ವಿಯದವರಿಗೂ ಗಂಟೆಗೆ 145 ಕ್ರೋನ ಕೊಡಿ ಎಂದು ಕೇಳಿತು. (ಕ್ರೋನ ಅಂದರೆ ಅಲ್ಲಿನ ಹಣ.)

ಲೆಕ್ಕ ಮಾಡೋಣ. ದಿನಕ್ಕೆ 8 ಗಂಟೆಯಂತೆ 1,160. ತಿಂಗಳಿಗೆ 22 ದಿನ ಹಿಡಿದರೆ 25,520. ಕಂಪನಿ ಹೇಳಿದ್ದು, ತಿಂಗಳಿಗೆ 13,600 ಸಂಬಳ, ಜೊತೆಗೆ 6,000 ಕ್ರೋನದಷ್ಟು ಊಟ, ವಸತಿ, ಪ್ರಯಾಣ. ಎಲ್ಲಾ ಕೂಡಿಸಿದರೂ 5,920 ಕಡಿಮೆ. ಹೀಗೆ ಬಿಟ್ಟರೆ ನಾಳೆ ಎಲ್ಲ ಗುತ್ತಿಗೆದಾರರೂ ಕಡಿಮೆ ಕೂಲಿಯವರನ್ನೇ ತರ್ತಾರೆ ಎಂಬುದು ಸಂಘದ ಭಯ. ಅದು ಸುಳ್ಳು ಭಯವಲ್ಲ ಎಂದು ನನ್ನ ಅಭಿಪ್ರಾಯ.

ಕಂಪನಿ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಲಾಟ್ವಿಯದ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿದ್ದೇವೆ ಎಂದಿತು. ನವೆಂಬರ್ 2ರಿಂದ ಸ್ವೀಡನ್ನಿನ ಸಂಘದವರು ಕಟ್ಟಡಕ್ಕೆ ತಡೆ ಹಾಕಿದರು. ಸಾಮಾನು ಒಳಗೆ ಹೋಗಲಿಲ್ಲ. ಡಿಸೆಂಬರಿನಲ್ಲಿ ವಿದ್ಯುತ್ ಕೆಲಸಗಾರರ ಸಂಘವೂ ಬೆಂಬಲಕ್ಕೆ ಬಂತು. ತಂತಿ ಎಳೆಯುವವರೇ ಇಲ್ಲ. ಪೊಲೀಸರನ್ನು ಕರೆದರೆ, ನಮ್ಮ ಕಾನೂನಿನಲ್ಲಿ ಇದು ತಪ್ಪಲ್ಲ ಅಂದರು. ಕ್ರಿಸ್‌ಮಸ್ಸಿಗೆ ಊರಿಗೆ ಹೋದ ಲಾಟ್ವಿಯದ ಕೆಲಸಗಾರರು ಆ ಕೆಲಸಕ್ಕೆ ಮತ್ತೆ ಬರಲಿಲ್ಲ.

ನನಗೆ ಕಷ್ಟ ಅನಿಸುವುದು ಇಲ್ಲೇ. ಸಂಘ ಕೇಳಿದ್ದು ಅವರಿಗೇ ಹೆಚ್ಚು ಕೂಲಿ. ಅವರಿಗೆ ಆದದ್ದು ಇದ್ದ ಕೆಲಸವೂ ಹೋಯಿತು. 13,600 ಸ್ವೀಡನ್ನಿನಲ್ಲಿ ಕಡಿಮೆ, ಲಾಟ್ವಿಯದಲ್ಲಿ ದೊಡ್ಡ ಸಂಬಳ. ಹಾಗಾದರೆ ಯಾವ ಊರಿನ ಲೆಕ್ಕ ಹಿಡೀಬೇಕು? ಕೆಲಸ ಮಾಡುವ ಊರಿನ ಲೆಕ್ಕವೇ ಸರಿ ಎಂದು ನಾನು ಹೇಳುತ್ತೇನೆ. ಆದರೆ ಆ ಕೆಲಸಗಾರರ ಮುಂದೆ ನಿಂತು ಹೇಳೋದು ಸುಲಭವಲ್ಲ.

ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2007ರ ಡಿಸೆಂಬರ್ 18ರಂದು ಯೂರೋಪಿನ ನ್ಯಾಯಾಲಯವು ಇಂಥ ತಡೆ ಹಾಕಿ ಒಪ್ಪಂದಕ್ಕೆ ಒತ್ತಾಯಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. 2009ರಲ್ಲಿ ಸಂಘಗಳಿಗೆ ದಂಡದ ಪರಿಹಾರವೂ ಬಿತ್ತು. ಅಷ್ಟರಲ್ಲಿ, 2005ರಲ್ಲೇ, ಶಾಲೆಯ ಗುತ್ತಿಗೆ ಹಿಡಿದಿದ್ದ ಲಾವಲ್‌ನ ಸ್ವೀಡನ್ ಶಾಖೆ ದಿವಾಳಿಯಾಗಿತ್ತು. 2018ರಲ್ಲಿ ಒಕ್ಕೂಟ ನಿಯಮ ತಿದ್ದಿತು. ಹೊರದೇಶದಿಂದ ಕಳಿಸಿದವರಿಗೆ ಕನಿಷ್ಠ ಕೂಲಿಯಷ್ಟೇ ಸಾಲದು, ಸಂಬಳದ ಬಗ್ಗೆ ಆ ಊರಿನವರಿಗೆ ಇರುವ ಕಡ್ಡಾಯ ನಿಯಮಗಳೇ ಇರಬೇಕು ಎಂದಾಯಿತು. ಅದು ಜಾರಿಗೆ ಬಂದದ್ದು 2020ರ ಜುಲೈ 30ರಿಂದ.